ಪಾರೆ, ಗುಂಡಿ, ಬಾಣಲೆ: ಗುಡ್ಡೆಯಲ್ಲಿ ಬೆಂಕಿ ಹಾಕಲು ಯಾವುದು ವಾಸಿ?

ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ನಮ್ಮ ಗುಡ್ಡೆಯಲ್ಲಿ ಚಳಿಗಾಲದ ರಾತ್ರಿ ತಂಗುವುದೆಂದರೆ ಮೊದಲು ಏಳುವುದೇ ಬೆಂಕಿಯ ಚರ್ಚೆ. ಭಾವ ಗುಂಡಿಯ ಪಕ್ಷ. ಅಣ್ಣನಿಗೆ ಪಾರೆಯ, ಅಂದರೆ ಬೋಳು ಕಲ್ಲುಹಾಸಿನ, ಮೇಲೆ ನಾಲ್ಕು ಕಲ್ಲಿಟ್ಟರೆ ಸಾಕು. ಇವೆರಡನ್ನೂ ನೋಡಿದ್ದೇನೆ, ಮಣ್ಣು ತುಂಬಿದ ಕಬ್ಬಿಣದ ಬಾಣಲೆಯಲ್ಲೂ ಹಾಕಿ ನೋಡಿದ್ದೇನೆ. ಹೊತ್ತಿಸುವುದು ಮೂರರಲ್ಲೂ ಸುಲಭವೇ. ಆರಿಸುವಾಗ ಯಾವುದು ಮಾತು ಕೇಳುತ್ತದೆ ಅನ್ನುವುದೇ ನನಗೆ ಮುಖ್ಯ.

ಗುಂಡಿಯ ಗುಣ ದೊಡ್ಡದು. ಗಾಳಿ ತಾಗುವುದಿಲ್ಲ, ಕಿಡಿ ಹಾರುವುದು ಕಮ್ಮಿ, ಗಂಜಿ ಬೇಯಿಸಲು ಸ್ವಲ್ಪ ಕಟ್ಟಿಗೆ ಸಾಕು. ಆದರೆ ಗೇರುಮರದ ಹತ್ತಿರ ತೋಡಿದ ಒಂದು ಗುಂಡಿಯ ಕತೆ ಹೇಳಲೇಬೇಕು. ಮಲಗುವ ಮೊದಲು ಭಾವ ನೀರು ಹೊಯ್ದು ಮೇಲೆ ಮಣ್ಣು ಮುಚ್ಚಿದ. ಬೆಳಿಗ್ಗೆ ಗುಂಡಿಯ ಆಚೆ, ಒಂದು ಗೇಣು ದೂರದಲ್ಲಿ, ನೆಲದಿಂದ ನೂಲಿನಷ್ಟು ಹೊಗೆ ಏಳುತ್ತಿತ್ತು. ಹಾರೆಯಲ್ಲಿ ಅಗೆದರೆ ಬೆರಳು ದಪ್ಪದ ಒಣ ಬೇರು, ಒಳಗಿನಿಂದ ಕೆಂಪಗೆ! ಮಣ್ಣು ಮುಚ್ಚಿದರೆ ಕೆಂಡ ಸಾಯುವುದಿಲ್ಲ, ಬಿಸಿ ಒಳಗೇ ಉಳಿಯುತ್ತದೆ. ಬೇರು ಹಿಡಿದುಕೊಂಡು ಬೆಂಕಿ ನಿಧಾನಕ್ಕೆ ತೆವಳುತ್ತದೆ. ಮರ, ಪೊದೆ ಇರುವಲ್ಲಿ ಗುಂಡಿ ಬೇಡವೇ ಬೇಡ.

ಬೋಳು ಪಾರೆಯಲ್ಲಿ ಈ ಭಯ ಜಾಸ್ತಿ ಇಲ್ಲ. ಅಲ್ಲಿ ಹೆದರಬೇಕಾದ್ದು ಮುಳಿಹುಲ್ಲಿಗೆ. ಮಳೆ ನಿಂತ ಮೇಲೆ ಒಣಗಿ ನಿಂತಿರುವ ಆ ಹುಲ್ಲಿಗೆ ಒಂದು ಕಿಡಿ ಸಾಕು. ಸುತ್ತ ಮೂರು ಮೀಟರ್ ಆದರೂ ಖಾಲಿ ಇರಬೇಕು. ಗಾಳಿಯನ್ನೂ ನಂಬಬಾರದು. ಸಂಜೆವರೆಗೆ ಕಡಲ ಕಡೆಯಿಂದ ಬೀಸಿದ್ದು ರಾತ್ರಿ ಮೂಡಣದಿಂದ ತಿರುಗುತ್ತದೆ. ಸಂಜೆ ಹುಲ್ಲು ಯಾವ ಕಡೆ ಇಲ್ಲವೋ ಅಲ್ಲಿಗೆ ಕಿಡಿ ಹೋಗುತ್ತಿದೆ ಅಂತ ಸಮಾಧಾನದಿಂದ ಮಲಗುವ ಹಾಗಿಲ್ಲ. ಇನ್ನೊಂದು, ಪಾರೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತೂತುಗಳಲ್ಲಿ ಸಣ್ಣ ಕೆಂಡ ಸಿಕ್ಕಿಕೊಳ್ಳುತ್ತದೆ. ಮೇಲೆ ನೀರು ಹರಿದು ಹೋದರೂ ತೂತಿನೊಳಗೆ ಚುರುಚುರು ಅನ್ನುತ್ತಲೇ ಇರುತ್ತದೆ. ಕಡ್ಡಿ ಹಾಕಿ ಕೆದಕಬೇಕು. ಸುತ್ತ ಇಡಲು ಪಯಸ್ವಿನಿ ಹೊಳೆಯ ನುಣುಪು ಕಲ್ಲು ತರಲೇಬೇಡಿ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ನನ್ನ ಓಟು ಬಾಣಲೆಗೆ. ಸಿಮೆಂಟು ಹೊರುವ ಹಳೆಯ ಬಾಣಲೆ ಸಾಕು. ಮೂರು ಕಲ್ಲಿನ ಮೇಲೆ ಎತ್ತರಿಸಿ, ತಳಕ್ಕೆ ನಾಲ್ಕು ಬೆರಳು ಮಣ್ಣು ಹಾಕಿ, ಪಾರೆಯ ಮೇಲೆ ಇಡಿ. ಹೊರುವುದು ಕಷ್ಟ, ಅದು ನಿಜ. ಬೆಂಕಿಯೂ ಸಣ್ಣದೇ, ಹತ್ತು ಜನ ಸುತ್ತ ಕೂರಲು ಆಗುವುದಿಲ್ಲ. ಆದರೆ ನೀರು ಹೊಯ್ದು, ಕಲಸಿ, ಮತ್ತೆ ಹೊಯ್ದರೆ ಒಂದು ಕೆಂಡವೂ ಕಣ್ಣು ತಪ್ಪಿಸುವುದಿಲ್ಲ. ಬೂದಿಗೆ ಅಂಗೈಯ ಹಿಂಬದಿ ಹತ್ತಿರ ಹಿಡಿಯಿರಿ. ಬಿಸಿ ತಾಗದಿದ್ದರೆ ಆಮೇಲೆ ಬೆರಳಿಟ್ಟು ನೋಡಿ. ತಣ್ಣಗಾಗಿದ್ದರೆ ಮಾತ್ರ ಮಲಗಲು ಹೊರಡಿ. ಪಾರೆಯಲ್ಲಿ ಕಪ್ಪು ಕಲೆಯೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಅಲ್ಲೇ ಅಲ್ವಾ ಸಣ್ಣ ಸಣ್ಣ ಹೂಗಿಡ ಏಳುವುದು.

ಉರುವಲಿಗೆ ಗೆರಟೆಯಷ್ಟು (ತೆಂಗಿನ ಚಿಪ್ಪಿನಷ್ಟು) ಒಳ್ಳೆಯದು ಬೇರೆ ಇಲ್ಲ, ಕೆಂಡ ಗಟ್ಟಿ, ಕಿಡಿ ಕಮ್ಮಿ. ತೆಂಗಿನ ಒಣ ಮಡಲು (ಸೋಗೆ) ಭಗ್ಗನೆ ಎದ್ದು ಉರಿದ ಗರಿಯನ್ನು ಗಾಳಿಗೆ ಬಿಡುತ್ತದೆ, ಪಾರೆಯಲ್ಲಿ ಬೇಡ. ತೆಂಗಿನ ಸಿಪ್ಪೆ ಗಂಟೆಗಟ್ಟಲೆ ಒಳಗೊಳಗೇ ಉರಿಯುತ್ತದೆ, ರಾತ್ರಿ ಕೊನೆಗೆ ಹಾಕಬೇಡಿ. ಚೇರೆ ಮರದ ಕಟ್ಟಿಗೆ ಮುಟ್ಟಲೇಬೇಡಿ. ಅದರ ಸೊನೆ ತಾಗಿದರೆ ಮೈಯಲ್ಲಿ ಗುಳ್ಳೆ ಏಳುತ್ತದೆ, ಹೊಗೆಯೂ ಕೆಟ್ಟದ್ದು.

ಇದೆಲ್ಲ ಸ್ವಂತ ಜಾಗದ ಮಾತು, ಅಥವಾ ಯಜಮಾನರ ಒಪ್ಪಿಗೆ ಇರುವಲ್ಲಿಯ ಮಾತು. ರಾಣಿಪುರದಂಥ ಕಾಡಿನಲ್ಲಿ ಬಾಣಲೆಯೂ ಇಲ್ಲ, ಗುಂಡಿಯೂ ಇಲ್ಲ. 1961ರ ಕೇರಳ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ. ನಮ್ಮ ಗುಡ್ಡೆಯಲ್ಲೂ ಫೆಬ್ರವರಿ ಕಳೆದ ಮೇಲೆ ನಾನು ಬಾಣಲೆ ಹೊರುವುದಿಲ್ಲ. ಮನೆಯಲ್ಲೇ ಕಾಪಿ ಮಾಡಿ ಫ್ಲಾಸ್ಕಿಗೆ ಹೊಯ್ದುಕೊಂಡು ಹೋಗುತ್ತೇನೆ.