ಪುದುಚೇರಿಯ ಕ್ರೋಸಾನು, ಕುಂಬಳೆಯ ಪಫ್ಸು

ನಮ್ಮ ಕಡೆ ಫ್ರೆಂಚ್ ಅಂದರೆ ಮಾಹೆ. ಕಾಸರಗೋಡಿನಿಂದ ನೂರು ಚಿಲ್ಲರೆ ಕಿಲೋಮೀಟರ್ ತೆಂಕಕ್ಕೆ ಹೋದರೆ ಸಿಗುವ ಆ ಸಣ್ಣ ಊರು 1954ರ ಜುಲೈ ತನಕ ಫ್ರೆಂಚರದ್ದು, ಈಗ ಪುದುಚೇರಿಗೆ ಸೇರಿದ್ದು. ಅಲ್ಲಿಗೆ ಹೋಗಿ ಬಂದವರ ಡಿಕ್ಕಿಯಲ್ಲಿ ಬಾಟಲಿ ಇರುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲು ಫುಲ್ ಇರುತ್ತದೆ. ಫ್ರೆಂಚರ ಪದರ ಪದರದ ಬೆಣ್ಣೆ ಬನ್ನು ಕ್ರೋಸಾನ್, ಅದನ್ನು ತಂದವರನ್ನು ನಾನಂತೂ ಇನ್ನೂ ನೋಡಿಲ್ಲ. ಹಾಗಾಗಿ ಫ್ರೆಂಚ್ ತಿಂಡಿ ತಿನ್ನಬೇಕು ಅಂತ ತಲೆಗೆ ಹತ್ತಿದಾಗ ಪುದುಚೇರಿಗೇ ಹೋಗಬೇಕಾಯಿತು. ಮಂಗಳೂರಿನಿಂದ ಪುದುಚೇರಿಗೆ ಹೋಗುವ ರೈಲು ನಮ್ಮ ಕಾಸರಗೋಡಿನ ಮೇಲೆಯೇ ಹೋಗುತ್ತದೆ, ಹತ್ತಿ ಮಲಗಿದರೆ ಆಯ್ತು.

ಜೊತೆಗೆ ಬಂದವರು ನನ್ನ ಭಾವ, ಅಕ್ಕನ ಗಂಡ. ಕುಂಬಳೆ ಹತ್ತಿರ ಸಣ್ಣದೊಂದು ಬೇಕರಿ ಇದೆ ಅವರದ್ದು. ಇಪ್ಪತ್ತು ವರ್ಷದಿಂದ ಪಫ್ಸ್ ಮಾಡುತ್ತಾ ಬಂದವರು. ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ ಕೆಳಗೆ ಬರೆದ ಅಭಿಪ್ರಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದ್ದೇ. ಇನ್ನೊಂದು, ನಾವಿಬ್ಬರೂ ಮೊಟ್ಟೆ ತಿನ್ನುತ್ತೇವೆ, ಮೀನು ಮಾಂಸ ಇಲ್ಲ. ಮಾಂಸದ ಅಡುಗೆ ಬಗ್ಗೆ ತಿಳಿಯಬೇಕು ಅಂತಿದ್ದರೆ ಇಲ್ಲಿ ಏನೂ ಸಿಗುವುದಿಲ್ಲ.

ನಾವು ಹೋದದ್ದು ನವೆಂಬರ್ ಮೊದಲ ವಾರ. ನವೆಂಬರ್ 1 ಅಂದರೆ ಕಾಸರಗೋಡಿನವರಿಗೆ ಮೊದಲೇ ಸ್ವಲ್ಪ ಗಲಿಬಿಲಿ, ಆಚೆ ರಾಜ್ಯೋತ್ಸವ, ಈಚೆ ಕೇರಳಪ್ಪಿರವಿ. ಪುದುಚೇರಿಯಲ್ಲಿ ಇಳಿದರೆ ಅಲ್ಲಿಯೂ ಅದೇ ದಿನದ ಸಂಭ್ರಮ! 1954ರ ನವೆಂಬರ್ 1ರಂದು ಫ್ರೆಂಚರು ಆಡಳಿತ ಬಿಟ್ಟುಕೊಟ್ಟರಂತೆ, ಅದಕ್ಕೆ ವಿಮೋಚನಾ ದಿನ. ನಮಗೆ ಸಮಸ್ಯೆ ಆದದ್ದು ಮಳೆ. ನಮ್ಮಲ್ಲಿ ಮಳೆ ಮುಗಿದು ಅಡಕೆ ಒಣಗಿಸುವ ಹೊತ್ತಿಗೆ ಅಲ್ಲಿ ಹಿಂಗಾರು ಶುರು. ಗಾಳಿಯಲ್ಲಿ ಪಸೆ ಇದ್ದರೆ ಬೇಕರಿ ಸಾಮಾನು ಗರಿಗರಿ ಉಳಿಯುವುದಿಲ್ಲ. ಹೋಗುವುದಾದರೆ ಜನವರಿ, ಫೆಬ್ರವರಿಯಲ್ಲಿ ಹೋಗಿ.

ಮೊದಲ ಬೆಳಿಗ್ಗೆ ಬುಸ್ಸಿ ಬೀದಿಯ ಬೇಕರ್ ಸ್ಟ್ರೀಟ್. ಒಳಗೆ ಕಾಲಿಟ್ಟ ಕೂಡಲೇ ಬೆಣ್ಣೆ ಕಾಯಿಸುವಾಗ ತುಪ್ಪ ಆಗುವುದಕ್ಕೆ ಸ್ವಲ್ಪ ಮೊದಲು ಮನೆಯಿಡೀ ಒಂದು ಘಮ ಬರುತ್ತದಲ್ವಾ, ಅದೇ. ಗಾಜಿನ ಹಿಂದೆ ಎಕ್ಲೇರ್, ಟಾರ್ಟ್, ಕೀಶ್, ಉದ್ದುದ್ದ ಬ್ರೆಡ್ಡು. ಹೆಸರು ಬಾರದಿದ್ದರೆ ಬೆರಳು ತೋರಿಸಿದರೆ ಸಾಕು. ಓದಲಿಕ್ಕೆ ಬಾರದ ಬೋರ್ಡು ನೋಡಿ ವ್ಯವಹಾರ ಮಾಡುವುದು ನಾವು ಗಡಿಯವರಿಗೆ ಹೊಸತಾ?

ಒಂದು ಸಾದಾ ಕ್ರೋಸಾನ್ ತೆಗೆದುಕೊಂಡೆವು. ನೂರು ರೂಪಾಯಿ ಆಸುಪಾಸು. ಭಾವ ಮೊದಲು ಅದನ್ನು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಅಡಿಗೆ ತಿರುಗಿಸಿ ಹೆಬ್ಬೆರಳು ಒತ್ತಿದರು, ಜಿಡ್ಡು ಹತ್ತಲಿಲ್ಲ. ಚೂರಿ ಕೇಳಿ ಅಡ್ಡಕ್ಕೆ ಕುಯ್ದರು. ಕುಯ್ಯುವಾಗಲೇ ಮೇಲಿನ ಸಿಪ್ಪೆ ಚರಚರ ಅಂತ ಒಡೆದು ಪ್ಲೇಟಿನ ತುಂಬ ಉದುರಿತು. ಒಳಗೆ ಜೇನುಗೂಡಿನ ಹಾಗೆ ತೂತು ತೂತು, ಒಂದರ ಮೇಲೊಂದು ತೆಳು ಪೊರೆ. ಪಕ್ಕದ ಮೇಜಿನಲ್ಲಿ ಕೂತಿದ್ದ ಹುಡುಗಿ ನಗು ತಡೆದುಕೊಂಡು ಬೇರೆ ಕಡೆ ನೋಡಿದಳು. ಭಾವನಿಗೆ ಅದರ ಪರಿವೆ ಇಲ್ಲ, ಅರ್ಧ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಾ, "ಮೂರು ಮಡಿಕೆ, ಮೂರು ಸಲ. ಇಪ್ಪತ್ತೇಳು" ಅಂದರು.

ಲೆಕ್ಕ ಇಷ್ಟೇ. ಹಿಟ್ಟಿನ ಒಳಗೆ ತಣ್ಣಗಿನ ಬೆಣ್ಣೆಯ ಹಾಳೆ ಇಟ್ಟು ಮುಚ್ಚಿ, ಲಟ್ಟಿಸಿ, ಮೂರಾಗಿ ಮಡಚುವುದು. ಹಾಗೆ ಮೂರು ಸಲ ಮಾಡಿದರೆ ಬೆಣ್ಣೆಯ ಪದರ 27. ಒಲೆಗೆ ಹೋದಾಗ ಬೆಣ್ಣೆಯಲ್ಲಿರುವ ನೀರು ಆವಿಯಾಗಿ ಪದರಗಳನ್ನು ಎಬ್ಬಿಸುತ್ತದೆ. ನಮ್ಮ ಚಿರೋಟಿಗೆ ತುಪ್ಪ, ಅಕ್ಕಿಹಿಟ್ಟು ಕಲಸಿದ ಸಾಟಿ ಹಚ್ಚಿ ಪದರ ಬಿಡಿಸುವುದಿಲ್ವಾ, ಅದೇ ಯೋಚನೆ. ಒಂದೇ ವ್ಯತ್ಯಾಸ, ಚಿರೋಟಿ ಎಣ್ಣೆಯಲ್ಲಿ ಅರಳುತ್ತದೆ, ಇದು ಯೀಸ್ಟಿನಲ್ಲಿ ಉಬ್ಬಿ ಓವನಿನಲ್ಲಿ ಅರಳುತ್ತದೆ.

ನಾನು ತಿಂದದ್ದು ಉಳಿದ ಅರ್ಧ. ಏನು ಹೇಳಲಿ, ಬಾಯಿಗೆ ಹಾಕಿದ ಮೇಲೆ ಅಂಗುಳಕ್ಕೆ ಏನೂ ಅಂಟಲಿಲ್ಲ. ನಮ್ಮ ಪಫ್ಸ್ ತಿಂದ ಮೇಲೆ ಅಂಗುಳದಲ್ಲಿ ಮೇಣ ಬಳಿದ ಹಾಗೆ ಆಗುತ್ತದಲ್ಲ, ಚಹಾ ಕುಡಿದರೂ ಹೋಗುವುದಿಲ್ಲ. ಯಾಕೆ ಅಂತ ಕೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬೆಣ್ಣೆ ಬಾಯಿಯ ಬಿಸಿಗೇ ಕರಗ್ತದೆ ಮಾರಾಯ. ನಾವು ಹಾಕುವ ಮಾರ್ಗರಿನ್ ಕರಗುದಿಲ್ಲ. ನಮ್ಮ ಸೆಕೆಗೆ ಅದು ಬೇಕು, ಬೆಣ್ಣೆಯಾದ್ರೆ ಲಟ್ಟಿಸುವಾಗಲೇ ಹರಿದು ಹೋಗ್ತದೆ. ಮತ್ತೆ ಬೆಣ್ಣೆ ಹಾಕಿ ಪಫ್ಸ್ ಮಾಡಿದ್ರೆ ನೀನು ಎಷ್ಟು ಕೊಡ್ತಿ?" ನಾನು ಉತ್ತರ ಕೊಡಲಿಲ್ಲ. ಹದಿನೈದು ರೂಪಾಯಿಗೆ ಮೊಟ್ಟೆ ಪಫ್ಸ್ ತಿಂದು, ಎರಡು ರೂಪಾಯಿ ಜಾಸ್ತಿ ಮಾಡಿದ್ದಕ್ಕೆ ಜಗಳ ಮಾಡಿದವನು ನಾನು.

ಸಸ್ಯಾಹಾರಿಗಳಿಗೆ ಒಂದು ಮಾತು. ಕ್ರೋಸಾನಿನ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ, ಆದರೆ ಮೇಲೆ ಹೊಳಪು ಬರಲಿ ಅಂತ ಮೊಟ್ಟೆ ಸವರುತ್ತಾರೆ. ಕೀಶ್ ಅಂದರೆ ಮೊಟ್ಟೆ ಮತ್ತು ಕ್ರೀಮ್ ಹುಯ್ದು ಬೇಯಿಸಿದ್ದೇ. ಎಕ್ಲೇರಿನ ಹಿಟ್ಟಿನಲ್ಲೂ, ಒಳಗಿನ ಕ್ರೀಮಿನಲ್ಲೂ ಮೊಟ್ಟೆ. ಪೂರ್ತಿ ಮೊಟ್ಟೆ ಬಿಟ್ಟವರಿಗೆ ಉಳಿಯುವುದು ಬಗೆಟ್ ಅನ್ನುವ ಆ ಉದ್ದದ ಬ್ರೆಡ್ಡು ಒಂದೇ ಅನ್ನಬಹುದು. ಅದೇನೂ ಸಣ್ಣ ವಿಷಯ ಅಲ್ಲ. ಒಳ್ಳೆ ಬಗೆಟ್ಟಿಗೆ ಮೈದಾ, ನೀರು, ಉಪ್ಪು, ಯೀಸ್ಟು ಬಿಟ್ಟರೆ ಏನೂ ಬೇಡ. ಫ್ರಾನ್ಸಿನಲ್ಲಿ 'ಸಂಪ್ರದಾಯದ ಬ್ರೆಡ್ಡು' ಅಂತ ಹೆಸರು ಹಾಕಿ ಮಾರಬೇಕಾದರೆ ಅದಕ್ಕೆ 1993ರದ್ದೊಂದು ಕಾನೂನೇ ಇದೆ, ಹಿಟ್ಟನ್ನು ಫ್ರೀಜ್ ಮಾಡಿಡುವ ಹಾಗೂ ಇಲ್ಲ. 2022ರಲ್ಲಿ ಯುನೆಸ್ಕೋ ಬಗೆಟ್ ಮಾಡುವ ಕಸುಬನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಪುದುಚೇರಿಯ ಬೇಕರಿಗೆ ಆ ಕಾನೂನು ಲಾಗೂ ಇಲ್ಲ, ಆದರೂ ನಾವು ಅಲ್ಲಿ ತಿಂದದ್ದು ಚೆನ್ನಾಗಿಯೇ ಇತ್ತು. ಮುರಿದರೆ ಸದ್ದು ಬರಬೇಕು, ಒಳಗೆ ಮೆತ್ತಗೆ, ಸ್ವಲ್ಪ ಹುಳಿ ಘಮ. ಬಂತು.

ಇಷ್ಟೊಂದು ಹೊಗಳಿದ ಮೇಲೆ ಎರಡನೇ ಬೆಳಗಿನ ಕಥೆಯನ್ನೂ ಹೇಳಬೇಕು. ಬೇರೊಂದು ಕಡೆ ಹೋದೆವು, ಹೆಸರು ಬೇಡ. ಚಂದದ ಹಳದಿ ಗೋಡೆ, ಬಿಳಿ ಕಿಟಕಿ, ಬೋಗನ್‌ವಿಲ್ಲಾ, ಫೋಟೋ ತೆಗೆಯುವವರ ಸಾಲು. ಕ್ರೋಸಾನ್ ಹೇಳಿದೆವು. ಒಳಗಿನಿಂದ 'ಟಿಂಗ್' ಅಂತ ಕೇಳಿಸಿತು. ಭಾವ ತಲೆಗೆ ಕೈ ಇಟ್ಟುಕೊಂಡರು. ನಿನ್ನೆಯದ್ದನ್ನು ಮೈಕ್ರೊವೇವಿಗೆ ಹಾಕಿದ್ದಾರೆ! ಅದು ಒಳಗಿನ ನೀರಿನ ಪಸೆಯನ್ನು ಬಿಸಿ ಮಾಡುತ್ತದೆ, ಆ ಆವಿ ಹೊರಗಿನ ಸಿಪ್ಪೆಗೆ ಬಂದು ಅದನ್ನು ಮೆತ್ತಗೆ ಮಾಡುತ್ತದೆ. ಬಂದದ್ದು ಹಿಂಡಿದ ಬಟ್ಟೆ ಹಾಗಿತ್ತು. ಎಳೆದರೆ ಎಳೆದಷ್ಟೂ ಬಂತು. ಬೆಲೆ ಮಾತ್ರ ಮೊದಲ ದಿನದ್ದಕ್ಕಿಂತ ನಲವತ್ತು ರೂಪಾಯಿ ಜಾಸ್ತಿ, ಬೋಗನ್‌ವಿಲ್ಲಾದ ಬಾಬ್ತು ಇರಬೇಕು.

ಇನ್ನು ರಾತ್ರಿ ಊಟ. ಹಿಂದೆ ಫ್ರೆಂಚರು ಇದ್ದ ವೈಟ್ ಟೌನಿನ ಬೀದಿಗಳಲ್ಲಿ ಮಳೆ ನಿಂತ ಮೇಲೆ ನಡೆಯುವುದು ಬಹಳ ಖುಷಿ, ಬೀದಿಯ ಹೆಸರುಗಳು ನೀಲಿ ಬೋರ್ಡಿನಲ್ಲಿ ತಮಿಳಿನಲ್ಲೂ ಫ್ರೆಂಚಿನಲ್ಲೂ ಇರುತ್ತವೆ. ನಾವು ಹೊಕ್ಕದ್ದು ಅಂಗಳ ಇರುವ ಒಂದು ಹಳೇ ಮನೆಯ ರೆಸ್ಟೋರೆಂಟು. ನಡುವೆ ಮರ, ಮರಕ್ಕೆ ದೀಪ, ತಗ್ಗಿದ ದನಿಯಲ್ಲಿ ಹಾಡು. ಮೆನು ನೋಡಿದರೆ ನಮಗೆ ಆಗುವಂಥದ್ದು ಮೂರೇ. ಈರುಳ್ಳಿ ಸೂಪು, ರಾಟಟೂಯ್ ಅನ್ನುವ ತರಕಾರಿ ಅಡುಗೆ, ಕೊನೆಗೆ ಕ್ರೆಮ್ ಬ್ರೂಲೆ ಅನ್ನುವ ಕಸ್ಟರ್ಡು.

ಈರುಳ್ಳಿ ಸೂಪು ಅಂದರೆ ಸಸ್ಯಾಹಾರ ಅಂತ ಯಾರಿಗಾದರೂ ಅನಿಸಬೇಕು, ಅಲ್ವಾ? ಮೆನುವಿನಲ್ಲಿ ಹಸಿರು ಚುಕ್ಕೆಯೂ ಇತ್ತು. ಆದರೆ ಈ ಸೂಪಿಗೆ ಮೂಲದಲ್ಲಿ ದನದ ಎಲುಬು ಬೇಯಿಸಿದ ನೀರೇ ಹಾಕುವುದು. ನನಗೆ ಅದು ಎಲ್ಲೋ ಓದಿ ನೆನಪಿತ್ತು, ಕೇಳಿದೆ. ಬಡಿಸುವ ಹುಡುಗ 'ವೆಜ್ ಸರ್' ಅಂದ. ಒಮ್ಮೆ ಒಳಗೆ ಹೋಗಿ ಕೇಳಿ ಬಾ ತಮ್ಮಾ ಅಂದೆ. ಹೋದವನು ಸಣ್ಣ ಮುಖ ಮಾಡಿಕೊಂಡು ಬಂದು, ಚಿಕನ್ ಸ್ಟಾಕ್ ಸರ್, ಸಾರಿ ಅಂದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ನಿಜ ಹೇಳಿದ. ಚುಕ್ಕೆ ಇಟ್ಟವರ ಮೇಲೆ ಇದೆ. ನೀವು ಕೇಳುವಾಗ 'ವೆಜ್ಜಾ' ಅಂತ ಕೇಳಬೇಡಿ, 'ಸ್ಟಾಕ್ ಯಾವುದರದ್ದು' ಅಂತ ಕೇಳಿ. ಜೆಲ್ಲಿ ಹಾಗೆ ನಿಂತ ಸಿಹಿ ಇದ್ದರೆ ಜಿಲೆಟಿನ್ ಹಾಕಿದ್ದೀರಾ ಅಂತಲೂ ಕೇಳಿ, ಅದು ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆಯುವಂಥದ್ದು.

ರಾಟಟೂಯ್ ಬರುವುದಕ್ಕೆ ಐವತ್ತು ನಿಮಿಷ. ಬದನೆ, ದೊಣ್ಣೆಮೆಣಸು, ಟೊಮೆಟೊ, ಜುಕೀನಿ, ಎಲ್ಲವನ್ನೂ ಆಲಿವ್ ಎಣ್ಣೆಯಲ್ಲಿ ಬೇರೆ ಬೇರೆ ಬಾಡಿಸಿ ಆಮೇಲೆ ಒಟ್ಟು ಮಾಡಿ ನಿಧಾನಕ್ಕೆ ಬೇಯಿಸಬೇಕಾದ, ದಕ್ಷಿಣ ಫ್ರಾನ್ಸಿನ ನೀಸ್ ಕಡೆಯ ರೈತರ ಅಡುಗೆ ಅದು. ನಮಗೆ ಬಂದದ್ದರಲ್ಲಿ ಬದನೆ ಇನ್ನೂ ಕಚಕಚ ಅನ್ನುತ್ತಿತ್ತು, ಸಾಸ್ ಸೀದಾ ಬಾಟಲಿಯದ್ದು. ಬದನೆ ಬೇಯಿಸಲಿಕ್ಕೆ ಬಾರದವರು ಬದನೆಯ ಅಡುಗೆಗೆ 550 ರೂಪಾಯಿ ಇಡಬಾರದು. ನಮ್ಮ ಅಮ್ಮ ಬದನೆ ಸುಟ್ಟು ಮಾಡುವ ಗೊಜ್ಜು ನೆನಪಾಗಿ ಸಂಕಟ ಆಯಿತು.

ಕ್ರೆಮ್ ಬ್ರೂಲೆ ಮಾತ್ರ ಸರಿ ಇತ್ತು. ಮೇಲಿನ ಸಕ್ಕರೆ ಪದರವನ್ನು ಚಮಚದಲ್ಲಿ ತಟ್ಟಿದರೆ ಟಕ್ ಅಂತ ಒಡೆಯಬೇಕು, ಒಡೆಯಿತು. ಬಿಲ್ಲು ಎರಡು ಸಾವಿರ ದಾಟಿತು. ಹೊರಗೆ ಬಂದು ತಮಿಳರ ಪೇಟೆ ಕಡೆ ನಡೆದು ಇಬ್ಬರೂ ಎರಡೆರಡು ದೋಸೆ ತಿಂದೆವು, ಇದನ್ನು ಅಕ್ಕನಿಗೆ ಹೇಳಿಲ್ಲ.

ಹಾಗಂತ ಕೂತು ತಿನ್ನುವ ಜಾಗ ಎಲ್ಲವೂ ಹೀಗೆಯೇ ಅಂತಲ್ಲ. ಸಫ್ರೆನ್ ಬೀದಿಯ ಕೆಫೆ ದೇಸಾರ್‌ಗೆ ಹಗಲು ಹೋಗಿ. ಅಲ್ಲಿ ಕ್ರೇಪ್ ತಿಂದೆವು. ಮೈದಾ, ಹಾಲು, ಮೊಟ್ಟೆ ಕಲಸಿ ನೀರು ನೀರಾಗಿ ಹುಯ್ಯುವ ತೆಳು ದೋಸೆ. ಭಾವ ಒಂದು ತುದಿ ಎತ್ತಿ ನೋಡಿ, "ಇದು ನಮ್ಮ ತೆಳ್ಳವು ಅಲ್ವಾ ಮಾರಾಯ, ಕಾಯಿಸುಳಿ ಬದಲು ಚಾಕಲೇಟು" ಅಂದರು. ತೆಳ್ಳವು ಅಂದರೆ ನಮ್ಮ ಕಡೆಯ ನೀರುದೋಸೆ, ಕಾಯಿಸುಳಿ ಅಂದರೆ ಕಾಯಿತುರಿಗೆ ಬೆಲ್ಲ ಕಲಸಿದ್ದು. ಒಪ್ಪಬೇಕಾದ ಮಾತೇ. ಆದರೆ ತೆಳ್ಳವು ತಣ್ಣಗಾದರೂ ನಡೆಯುತ್ತದೆ, ಇದು ಬಿಸಿಯಲ್ಲೇ ಮುಗಿಯಬೇಕು. ಖಾರದ ಜಾತಿಯದ್ದಕ್ಕೆ ಗ್ಯಾಲೆಟ್ ಅನ್ನುತ್ತಾರೆ, ಬ್ರಿಟನಿ ಎಂಬ ಪ್ರಾಂತ್ಯದ್ದು, ಅಲ್ಲಿ ಅದನ್ನು ಬಕ್‌ವೀಟ್ ಹಿಟ್ಟಿನಲ್ಲಿ ಮಾಡುತ್ತಾರೆ. ಹೆಸರಿನಲ್ಲಿ ವೀಟ್ ಇದ್ದರೂ ಅದಕ್ಕೂ ಗೋಧಿಗೂ ಸಂಬಂಧ ಇಲ್ಲ.

ಆರೋವಿಲ್ ಕಡೆ ಹೋಗುವವರು ಕುಯಿಲಾಪಾಳಯದ ಆರೋವಿಲ್ ಬೇಕರಿಗೂ ಒಂದು ಸುತ್ತು ಹೋಗಿ, ಬ್ರೆಡ್ಡಿಗೆ. ಸಮುದ್ರ ದಂಡೆಯ ಲೆ ಕೆಫೆಯಲ್ಲಿ ಕೂತು ಕಾಫಿ ಕುಡಿಯುವುದಕ್ಕೆ ಸಮುದ್ರವೇ ಕಾರಣ, ಬೇರೆ ಕಾರಣ ಬೇಡ.

ಭಾವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮಿಲ್‌ಫೋಯ್. ಸಾವಿರ ಎಲೆ ಅಂತ ಅರ್ಥ. ಪಫ್ಸಿನದ್ದೇ ಹಿಟ್ಟು, ಯೀಸ್ಟಿಲ್ಲ, ಮೂರಾಗಿ ಆರು ಸಲ ಮಡಚುತ್ತಾರೆ. ಗುಣಿಸಿ ನೋಡಿ, 729. ಸಾವಿರ ಇಲ್ಲ, ಆದರೆ ಯಾರು ಎಣಿಸುತ್ತಾರೆ? ಭಾವ ಎಣಿಸುತ್ತಾರೆ. ಮೂರು ಹಾಳೆ, ನಡುವೆ ಕ್ರೀಮು, ಚೂರಿ ಹಾಕಿದರೆ ಕ್ರೀಮು ಅಡ್ಡಕ್ಕೆ ಓಡುತ್ತದೆ, ಹಾಗಾಗಿ ನೀಟಾಗಿ ತಿನ್ನುವ ಆಸೆ ಬಿಟ್ಟು ಮಗುಚಿ ಮಲಗಿಸಿ ಕುಯ್ಯಬೇಕು. ಅದನ್ನು ತಿನ್ನುವಾಗಲೇ ಅವರು ಕೇಳಿದ್ದು, "ಇವರು ಹಿಟ್ಟು ಲಟ್ಟಿಸುವ ಕೋಣೆಗೆ ಎಸಿ ಹಾಕಿದ್ದಾರಾ?" ಕೌಂಟರಿನವರನ್ನು ವಿಚಾರಿಸಿದೆವು. ಹಾಕದೆ ಆಗುವುದೇ ಇಲ್ಲವಂತೆ.

ನನ್ನ ಲೆಕ್ಕ ಹೀಗೆ: ಪುದುಚೇರಿಯಲ್ಲಿ ಫ್ರೆಂಚ್ ತಿಂಡಿಗೆ ದುಡ್ಡು ಹಾಕುವುದಾದರೆ ಬೆಳಿಗ್ಗೆ ಹಾಕಿ, ರಾತ್ರಿ ಅಲ್ಲ. ಇನ್ನೂರು ರೂಪಾಯಿಗೆ ಬೇಕರಿಯಲ್ಲಿ ಸಿಗುವ ರುಚಿ ಎರಡು ಸಾವಿರಕ್ಕೆ ಅಂಗಳದ ಮರದಡಿ ನಮಗೆ ಸಿಗಲಿಲ್ಲ. ಮತ್ತೆ ಕ್ರೋಸಾನನ್ನು ಊರಿಗೆ ಕಟ್ಟಿಸಿಕೊಂಡು ಬರಬೇಡಿ. ನಾವು ಆರು ತಂದೆವು, ಪಾಲಕ್ಕಾಡು ದಾಟುವಾಗಲೇ ಡಬ್ಬಿಯೊಳಗೆ ಬೆವತಿದ್ದವು. ಬಗೆಟ್ ಅಂತೂ ಮನೆಗೆ ಮುಟ್ಟುವಾಗ ಒನಕೆ. ಅಮ್ಮ ಅದನ್ನು ತುಂಡು ಮಾಡಿ ಜೀರಿಗೆ ಕಷಾಯಕ್ಕೆ ಅದ್ದಿ ತಿಂದು, ರಸ್ಕಿಗಿಂತ ಒಳ್ಳೆದುಂಟು ಅಂದರು.

ಭಾವ ಈಗ ಭಾನುವಾರ ಮಧ್ಯಾಹ್ನ ಮಲಗುವ ಕೋಣೆಯ ಎಸಿಯನ್ನು ಹದಿನೆಂಟಕ್ಕೆ ಇಟ್ಟು, ಮಂಚದ ಪಕ್ಕ ಮಣೆ ಹಾಕಿ ಬೆಣ್ಣೆ ಲಟ್ಟಿಸುತ್ತಿದ್ದಾರೆ. ಮೊದಲ ಸಲದ ಬೆಣ್ಣೆ ಪೂರ್ತಿ ಟ್ರೇಗೆ ಹರಿಯಿತು. ಎರಡನೆಯದು ಕರೆಂಟು ಹೋಗಿ ಕೆಟ್ಟಿತು. ಮೂರನೆಯದರಲ್ಲಿ ಹನ್ನೊಂದು ಪದರ ಎಣಿಸಿದರಂತೆ. ಹಾಸಿಗೆಯಲ್ಲಿ ಮೈದಾ ಅಂತ ಅಕ್ಕ ನನಗೆ ಫೋನ್ ಮಾಡಿ ಬೈದಳು.