ಎರಡು ನಿಮಿಷದ ನಡಿಗೆ, ಎರಡು ಥರದ ಸೋಬಾ

ಟೋಕಿಯೊದಲ್ಲಿ ನಾನು ಮೊದಲು ಕಲಿತ ಊಟದ ಪದ ‘ಮೋರಿ’. ನಗಬೇಡಿ. ಬುಟ್ಟಿಯ ಮೇಲೆ ತಣ್ಣಗೆ ಹರಡಿಕೊಡುವ ಸೋಬಾ ನೂಡಲ್ಸ್‌ಗೆ ಅಲ್ಲಿ ಮೋರಿ ಅಂತಲೇ ಹೆಸರು. ಹಸಿದು ಕೂತಾಗ ನೇರ ಮುಖ ಇಟ್ಟುಕೊಂಡು “ಒಂದು ಮೋರಿ” ಅನ್ನುವುದು ಕನ್ನಡದವರಿಗೆ ಸ್ವಲ್ಪ ಕಷ್ಟ.

ಕಾಂದಾ ಅನ್ನುವ ಹಳೇ ಬಡಾವಣೆಯಲ್ಲಿ ಎರಡು ಹೆಸರಾಂತ ಸೋಬಾ ಅಂಗಡಿಗಳಿವೆ. ಯಾಬು ಸೋಬಾ ಶುರುವಾದದ್ದು 1880ರಲ್ಲಿ, ಮಾತ್ಸುಯಾ 1884ರಲ್ಲಿ. ಒಂದರಿಂದ ಇನ್ನೊಂದಕ್ಕೆ ಎರಡು ನಿಮಿಷದ ನಡಿಗೆ. ಬಾಯಲ್ಲಿನ ಬೀಡಾ ಕೂಡ ಮುಗಿಯುವುದಿಲ್ಲ. ಒಂದೇ ವಾರದಲ್ಲಿ ಎರಡೂ ಕಡೆ ಉಂಡೆ. ಹೋಲಿಸಬೇಕು ಅಂದರೆ ಒಂದೇ ಪದಾರ್ಥ ತಿನ್ನಬೇಕಲ್ವಾ? ಹಾಗಾಗಿ ಎರಡು ಕಡೆಯೂ ಬರೀ ತಣ್ಣನೆ ಸೋಬಾ ಹೇಳಿದೆ. ಯಾಬುವಿನಲ್ಲಿ ಅದಕ್ಕೆ ಸೇಯಿರೊ ಅನ್ನುತ್ತಾರೆ.

ಸೋಬಾ ಅಂದರೆ ಬಕ್‌ವೀಟ್. ಉತ್ತರದವರು ಉಪವಾಸಕ್ಕೆ ತಿನ್ನುವ ಕುಟ್ಟು ಇದೇ. ಗೋಧಿಗೂ ಇದಕ್ಕೂ ಸಂಬಂಧವಿಲ್ಲ, ಅಂಟೂ ಇಲ್ಲ. ಹಾಗಾಗಿ ಎಳೆ ಮುರಿಯದಿರಲಿ ಅಂತ ಸಾಮಾನ್ಯವಾಗಿ ಸ್ವಲ್ಪ ಗೋಧಿ ಹಿಟ್ಟು ಸೇರಿಸುತ್ತಾರೆ. ಎಂಟು ಪಾಲಿಗೆ ಎರಡು ಪಾಲು ಹಾಕುವುದು ಎಲ್ಲ ಕಡೆ ಕಾಣುವ ಲೆಕ್ಕ. ಯಾಬುವಿನಲ್ಲಿ ಹತ್ತಕ್ಕೆ ಒಂದೇ ಪಾಲು. ನಮ್ಮ ಒತ್ತು ಶಾವಿಗೆಯ ಹಾಗೆ ಒರಳಲ್ಲಿ ಒತ್ತುವುದಿಲ್ಲ. ಲಟ್ಟಿಸಿ, ಮಡಚಿ, ದೊಡ್ಡ ಕತ್ತಿಯಲ್ಲಿ ಸಣ್ಣಗೆ ಕತ್ತರಿಸುತ್ತಾರೆ.

ಮೊದಲು ಹೋಗಿದ್ದು ಯಾಬುವಿಗೆ. 2013ರಲ್ಲಿ ಬೆಂಕಿ ಬಿದ್ದು, ಮರುವರ್ಷ ಹೊಸ ಕಟ್ಟಡದಲ್ಲಿ ಮತ್ತೆ ಬಾಗಿಲು ತೆರೆದ ಅಂಗಡಿ. ಎಳೆಗಳಿಗೆ ನಸು ಹಸಿರು ಬಣ್ಣ. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಅದ್ದಿಕೊಳ್ಳುವ ರಸ, ಅದೇ ತ್ಸುಯು. ಕಾಯಿಹಾಲಿಗೆ ಶಾವಿಗೆ ಹಾಕಿಕೊಳ್ಳುವ ಅಭ್ಯಾಸದ ಕೈ. ಇಡೀ ತುತ್ತನ್ನು ಮುಳುಗಿಸಿಬಿಟ್ಟೆ. ಅಬ್ಬಾ, ಉಪ್ಪು! ತಪ್ಪು ನನ್ನದೇ. ಯಾಬು ಶೈಲಿಯ ತ್ಸುಯು ತುಂಬಾ ಗಟ್ಟಿ, ಎಳೆಗಳ ತುದಿಯನ್ನಷ್ಟೇ ತಾಗಿಸಬೇಕು. ಇದರ ಮೇಲೆ ಟೋಕಿಯೊದವರದೇ ಒಂದು ಹಳೇ ಜೋಕಿದೆ. ತುದಿ ಮಾತ್ರ ಅದ್ದುವುದೇ ಗತ್ತು ಅಂತ ಬದುಕಿದವನೊಬ್ಬ ಸಾಯುವಾಗ ಹೇಳಿದನಂತೆ: “ಒಂದು ಸಲವಾದರೂ ಪೂರ್ತಿ ಅದ್ದಿ ತಿನ್ನಬೇಕಿತ್ತು.” ತುದಿ ಅದ್ದಲು ಕಲಿತ ಮೇಲೆ ಮಾತ್ರ ಸೋಬಾದ ಮಣ್ಣಿನಂಥ ಘಮ ಮೂಗಿಗೆ ಬಂತು.

ಮಾತ್ಸುಯಾದ ತ್ಸುಯು ನನ್ನ ನಾಲಿಗೆಗೆ ಮೆತ್ತಗೆ, ತುಸು ಸಿಹಿ. ಧಾರಾಳವಾಗಿ ಅದ್ದಿದರೂ ಬೈಯುವುದಿಲ್ಲ. ಕೈಯಲ್ಲೇ ಮಾಡಿದ ಎಳೆಗಳಿಗೆ ಒಳ್ಳೆಯ ಹಿಡಿತವಿತ್ತು. ಜಪಾನಿನವರು ಸೋಬಾವನ್ನು ಜಾಸ್ತಿ ಅಗಿಯುವುದಿಲ್ಲ. ಸೊರ್ ಅಂತ ಎಳೆದು, ಗಂಟಲಲ್ಲಿ ಇಳಿಯುವ ಸುಖವನ್ನೇ ರುಚಿ ಅನ್ನುತ್ತಾರೆ. ಮುದ್ದೆ ನುಂಗಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಇಳಿಯುವ ಸುಖದಲ್ಲಿ ನನ್ನ ಓಟು ಮಾತ್ಸುಯಾಗೆ. ಘಮದಲ್ಲಿ ಯಾಬುವಿಗೆ.

ಕೂರುವ ಸುಖದ ವಿಷಯಕ್ಕೆ ಬಂದರೆ ಎರಡೂ ಬೇರೆಯೇ ಲೋಕ. ಯಾಬುವಿನಲ್ಲಿ ಗಲ್ಲಾದ ಹತ್ತಿರ ಕೂತ ಹೆಂಗಸು ಪ್ರತಿ ಆರ್ಡರನ್ನೂ ಅಡುಗೆಮನೆಗೆ ರಾಗವಾಗಿ ಎಳೆದು ಹೇಳುತ್ತಾರೆ. ನಮ್ಮ ಹೋಟೆಲಿನಲ್ಲಿ ಸಪ್ಲೈಯರ್ “ಎರಡು ಮಸಾಲೆ, ಒಂದು ಖಾಲಿ” ಅಂತ ಕೂಗುತ್ತಾನಲ್ಲ, ಅದನ್ನೇ ಯಾರೋ ದೇವರನಾಮದ ಥರ ಹಾಡಿದ ಹಾಗೆ. ನಾನು ಸುಮ್ನೆ ಅದನ್ನು ಕೇಳುತ್ತಾ ಕೂತಿದ್ದೆ. ಮಾತ್ಸುಯಾದಲ್ಲಿ ಹಾಡಿಲ್ಲ, ಗದ್ದಲವಿದೆ. ಕಟ್ಟಡ 1925ರದ್ದು. ಈ ಬೀದಿಗಳು ಯುದ್ಧದ ಬಾಂಬಿಗೆ ಸಿಗದೆ ಉಳಿದವು. ಗೊತ್ತಿಲ್ಲದವರ ಜೊತೆ ಒಂದೇ ಮೇಜಿನಲ್ಲಿ ಕೂರಬೇಕು. ನನ್ನೆದುರು ಕೂತಿದ್ದ ತಾತ ಹಗಲಲ್ಲೇ ‘ಸಾಕೆ’ ಅನ್ನುವ ಅಕ್ಕಿ ಮದ್ಯ ಹೀರುತ್ತಾ, ನನ್ನ ಸೊರ್ ಸದ್ದು ಸಾಲದು ಅಂತ ಕಣ್ಣಲ್ಲೇ ಹೇಳಿದರು.

ಕೊನೆಗೆ ಎರಡೂ ಕಡೆ ಸೋಬಾ ಬೇಯಿಸಿದ ಬಿಸಿನೀರು ಬರುತ್ತದೆ. ಉಳಿದ ತ್ಸುಯುಗೆ ಸುರಿದು ಕುಡಿಯಬೇಕು. ಥೇಟ್ ಅನ್ನ ಬಸಿದ ಗಂಜಿ. ಇಲ್ಲಿ ಯಾಬುವೇ ಗೆದ್ದಿತು. ಮೊದಲು ಖಾರವಾಗಿ ಬೈದ ಆ ತ್ಸುಯು ಬಿಸಿನೀರು ಬಿದ್ದ ಮೇಲೆ ಹದವಾದ ಸಾರಾಯಿತು.

ಸಸ್ಯಾಹಾರಿಗಳು ಗಮನಿಸಿ, ಬುಟ್ಟಿಯಲ್ಲಿರುವುದು ಬರೀ ಹಿಟ್ಟು. ಬಟ್ಟಲಲ್ಲಿರುವುದು ಒಣ ಮೀನಿನ ಸಾರು. ಇಂಥ ಹಳೇ ಅಂಗಡಿಗಳಲ್ಲಿ ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಡಿಸೆಂಬರ್ 31ಕ್ಕೆ ಹೋಗುವ ಯೋಚನೆಯನ್ನೂ ಬಿಡಿ. ವರ್ಷದ ಕೊನೇ ರಾತ್ರಿ ಸೋಬಾ ತಿನ್ನುವುದು ಅಲ್ಲಿನ ಪದ್ಧತಿ, ಸಾಲು ಬೀದಿ ತುಂಬ ಇರುತ್ತದೆ.

ನೆಂಟರನ್ನು ಕರೆದುಕೊಂಡು ಹೋಗುವುದಾದರೆ ಯಾಬು, ಆ ಹಾಡಿಗಾಗಿ. ನಾನೊಬ್ಬನೇ ಇದ್ದರೆ ಮಾತ್ಸುಯಾ, ಮಧ್ಯಾಹ್ನದ ರಶ್ ಕಳೆದ ಮೇಲೆ. ಒಂದು ಬುಟ್ಟಿ ನಮ್ಮ ಹೊಟ್ಟೆಗೆ ಎಲ್ಲಿ ಸಾಲುತ್ತದೆ? ಮುಂದಿನ ಸಲ ಎರಡು ಮೋರಿ.