ಇಂಗ್ಲಿಷ್ ಕಲಿಸಲು ಮೂರು ಬಗೆಯ ತರಬೇತಿ: ತರಗತಿಗೆ ದಕ್ಕಿದ್ದೆಷ್ಟು?

ಶಿಗ್ಗಾಂವಿ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ನನ್ನ ಪಾಲಿಗೆ ಬಂದ ವಿಷಯ. ರಾಜ್ಯದಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗಿದೆ. ಕಲಿಸುವ ನಮ್ಮಲ್ಲಿ ಬಹಳ ಮಂದಿ ಐದನೇ ತರಗತಿಗೆ ಬಂದ ಮೇಲೆ ಎಬಿಸಿಡಿ ಕಂಡವರು. ಹಾಗಾಗಿ ತರಬೇತಿಯಿಂದ ನಮಗೆ ಎರಡು ಬೇಕು: ಮೊದಲು ನಮ್ಮ ನಾಲಿಗೆ ತಿರುಗಬೇಕು, ಆಮೇಲೆ ಮಕ್ಕಳ ನಾಲಿಗೆ ತಿರುಗಿಸುವುದು ಗೊತ್ತಾಗಬೇಕು.

ಮೊದಲನೆಯದಕ್ಕೆ ಬೆಂಗಳೂರಿನ 30 ದಿನಗಳ ವಸತಿ ತರಬೇತಿಗೆ ಸಾಟಿಯಿಲ್ಲ. 1963ರಲ್ಲಿ ಸ್ಥಾಪನೆಯಾದ, ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಪ್ರಾಥಮಿಕ ಶಿಕ್ಷಕರಿಗಾಗಿ ಇದನ್ನು ನಡೆಸುತ್ತದೆ. ಊಟದ ಸಾಲಿನಲ್ಲಿ ಸಾರು ಕೇಳುವುದಕ್ಕೂ ಇಂಗ್ಲಿಷೇ ಆದಾಗ ಸಂಕೋಚ ತಾನಾಗಿ ಕಳಚುತ್ತದೆ. ‘ಎಗ್’ ಎನ್ನುವ ಮುಂಚೆ ನಮ್ಮ ಬಾಯಿ ಒಂದು ‘ಯ’ಕಾರವನ್ನೂ, ‘ಬಸ್’ ಎಂದ ಮೇಲೆ ಒಂದು ‘ಉ’ಕಾರವನ್ನೂ ಸೇರಿಸುತ್ತದೆ ಎಂಬುದು ನನ್ನ ಕಿವಿಗೆ ಬಿದ್ದದ್ದು ಅಲ್ಲಿಯೇ. 1979ರಲ್ಲಿ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಆರಂಭಿಸಿದ ‘ಬೆಂಗಳೂರು ಯೋಜನೆ’ಯ ಪರಿಚಯವೂ ಆಯಿತು. ವ್ಯಾಕರಣ ಬೋಧಿಸುವ ಬದಲು ನಕ್ಷೆಯನ್ನೋ ವೇಳಾಪಟ್ಟಿಯನ್ನೋ ಮುಂದಿಟ್ಟು ಸಮಸ್ಯೆ ಬಿಡಿಸಲು ಹೇಳಿದರೆ ಮಗು ಭಾಷೆಯನ್ನು ಹಿಡಿಯುತ್ತದೆ ಎಂಬುದು ಅದರ ತಿರುಳು.

ಆದರೆ ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ತಿಂಗಳು ಹೊರಟರೆ ಉಳಿದವರ ಗತಿ ಏನು? ಚಿಕ್ಕ ಮಕ್ಕಳಿರುವ ಶಿಕ್ಷಕಿಯರಿಗಂತೂ ಇದು ದೂರದ ಮಾತು.

ಆನ್‌ಲೈನ್ ಕೋರ್ಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರಿಂದ ಇವುಗಳಿಗೆ ಬರವಿಲ್ಲ. ವಿಡಿಯೊ ತನ್ನ ಪಾಡಿಗೆ ಓಡುತ್ತದೆ, ಪ್ರಮಾಣಪತ್ರ ಬರುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ದೀಕ್ಷಾ ಆ್ಯಪ್‌ನಲ್ಲಿ ಪದ್ಯ ಕೇಳಿಸುವುದು ಇದಕ್ಕಿಂತ ಉಪಯುಕ್ತ. ಅದನ್ನು ಈಗಲೂ ಮಾಡುತ್ತೇನೆ.

ಮೂರನೆಯ ಬಗೆಯ ತರಬೇತಿ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ್ದು: ಸಮಾಲೋಚನಾ ಸಭೆಯಲ್ಲಿ ಒಬ್ಬರ ಮಾದರಿ ಪಾಠ, ಆಮೇಲೆ ನಮ್ಮದೇ ತರಗತಿಯಲ್ಲಿ ಪಾಠ ವೀಕ್ಷಣೆ. ಬೆಂಗಳೂರಿನಲ್ಲಿ ಕಲಿತ ವೇಳಾಪಟ್ಟಿಯ ಪಾಠವನ್ನು ನಾಲ್ಕನೇ ತರಗತಿಯಲ್ಲಿ ಮಾಡುವಾಗ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೇಡಂ ಹಿಂದೆ ಕುಳಿತಿದ್ದರು. ಹುಬ್ಬಳ್ಳಿ, ಹಾವೇರಿ, ಸವಣೂರಿಗೆ ಹೋಗುವ ಬಸ್ಸುಗಳ ಹೊತ್ತನ್ನು ಕಪ್ಪುಹಲಗೆಯ ಮೇಲೆ ಬರೆದು, ‘ವಿಚ್ ಬಸ್ ರೀಚಸ್ ಹುಬ್ಬಳ್ಳಿ ಬಿಫೋರ್ ಟೆನ್?’ ಎಂದೆ. ಮುಂದಿನ ಸಾಲಿನ ಹುಡುಗರು ‘ಫಸ್ಟ್ ಬಸ್’ ಎಂದು ಕೂಗಿದರು. ಪಾಠ ಗೆದ್ದಂತೆಯೇ ಕಂಡಿತು.

ಮೇಡಂ ನೋಡಿದ್ದು ಬೇರೆಯೇ. ‘ಗುರುಗಳೇ, ಕೊನೆಯ ಸಾಲಿನ ಹುಡುಗಿ ಬೆರಳಿನಿಂದ ಹಲಗೆಯ ಸಾಲುಗಳನ್ನು ಎಣಿಸುತ್ತಿದ್ದಳು, ತುಟಿಯೂ ಅಲ್ಲಾಡುತ್ತಿತ್ತು. ಅಷ್ಟರಲ್ಲಿ ಇವರು ಕೂಗಿಬಿಟ್ಟರು. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಐದು ಎಣಿಸಿರಿ, ಅಲ್ಲಿಯವರೆಗೆ ಯಾರೂ ಉತ್ತರ ಹೇಳುವುದು ಬೇಡ’ ಎಂದರು. ಮುಂದಿನ ಪಾಠದಲ್ಲಿ ಆ ಹುಡುಗಿ ‘ಸೆಕೆಂಡ್ ಬಸ್’ ಎಂದಳು. ಉತ್ತರ ತಪ್ಪು, ಆದರೆ ಅವಳ ಬಾಯಿಂದ ಬಂದ ಇಂಗ್ಲಿಷ್! ಇದನ್ನು ಯಾವ ಭಾಷಣವೂ ಕಲಿಸಲಾರದು. ಪಾಠ ಮಾಡುವವನ ಕಣ್ಣಿಗೆ ಕಾಣದ್ದು ಹಿಂದೆ ಕುಳಿತವರಿಗೆ ಕಾಣುತ್ತದೆ.

ಇಲ್ಲಿಯೂ ಹುಳುಕು ಇಲ್ಲದಿಲ್ಲ. ಸಭೆಯ ಅರ್ಧ ಹೊತ್ತು ಬಿಸಿಯೂಟದ ಲೆಕ್ಕ ಮತ್ತು ಸ್ಯಾಟ್ಸ್ (ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಸರ್ಕಾರಿ ತಂತ್ರಾಂಶ) ನಮೂದಿಗೇ ಹೋಗುತ್ತದೆ. ಒಬ್ಬರ ತಪ್ಪು ಉಚ್ಚಾರಣೆಯನ್ನು ಇನ್ನೊಬ್ಬರು ತಿದ್ದದ ಕಾರಣ ಅದು ಇಡೀ ಕ್ಲಸ್ಟರಿಗೆ ಹಬ್ಬುತ್ತದೆ.

ಇಂಗ್ಲಿಷ್ ಮಾತನಾಡಲು ಹಿಂಜರಿಯುವ ಹೊಸ ಶಿಕ್ಷಕರು ಬೆಂಗಳೂರಿಗೆ ಹೆಸರು ಕೊಡಲಿ. ಒಂದಿಷ್ಟು ಧೈರ್ಯ ಬಂದವರು ಕ್ಲಸ್ಟರ್‌ನಲ್ಲೇ ಜೊತೆಗಾರರೊಬ್ಬರನ್ನು ಹುಡುಕಿ, ತಿಂಗಳಿಗೊಮ್ಮೆ ಪರಸ್ಪರರ ತರಗತಿಯಲ್ಲಿ ಹಿಂದೆ ಕುಳಿತುಕೊಳ್ಳಲಿ. ಇದಕ್ಕೆ ಸುತ್ತೋಲೆ ಬೇಕಿಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆ ಸಿಕ್ಕರೆ ಸಾಕು.